ಪಿಎಸ್‌ಎ ಏರಿದೆಯಾ? ಹೆದರಬೇಡಿ, ಬಚ್ಚಿಡಲೂ ಬೇಡಿ

ನಮ್ಮ ದೊಡ್ಡ ಕಾಕನ ಮನೆಯ ಕಪಾಟಿನಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಕವರ್ ಉಂಟು. ಪಾಸ್‌ಪೋರ್ಟ್, ಜಾಗದ ಆರ್‌ಟಿಸಿ, ಸೌದಿಯಲ್ಲಿದ್ದಾಗಿನ ಇಖಾಮದ ಕಾಪಿ ಎಲ್ಲ ಅದರೊಳಗೇ ಇರುವುದು. ಹೋದ ವರ್ಷ ಕಾಕನನ್ನು ಆಸ್ಪತ್ರೆಗೆ ಸೇರಿಸಿದ ದಿನ ಆಧಾರ್ ಕಾರ್ಡ್ ಹುಡುಕಲು ಹೋದ ಅವರ ಮಗನಿಗೆ ಆ ಕವರಿನಲ್ಲಿ ಲ್ಯಾಬಿನ ಮೂರು ಲಕೋಟೆಗಳು ಸಿಕ್ಕಿದವು. ಮೂರರಲ್ಲೂ ಬೇರೆ ಬೇರೆ ವರ್ಷದ ರಕ್ತ ಪರೀಕ್ಷೆಯ ವರದಿ. ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ಸರಿಯಾಗಿತ್ತು. ಆದರೆ ಕೊನೆಯ ಪುಟದಲ್ಲಿ ಪಿಎಸ್‌ಎ ಎಂಬ ಒಂದು ಸಾಲು. ಮೊದಲ ವರ್ಷ 4.8. ಮರುವರ್ಷ 7.3. ಅದರ ಮರುವರ್ಷ 13.1. ಮೂರು ಅಂಕಿಗಳ ಪಕ್ಕದಲ್ಲೂ ಲ್ಯಾಬಿನವರು ನಕ್ಷತ್ರದ ಗುರುತು ಹಾಕಿದ್ದರು.

ಆ ನಕ್ಷತ್ರವನ್ನು ಕಾಕ ನೋಡಿರಲಿಲ್ಲ ಎಂದಲ್ಲ. ನೋಡಿದ್ದರು. ನೋಡಿ, ಮಡಚಿ, ಕವರಿನೊಳಗೆ ಇಟ್ಟಿದ್ದರು. ಅತ್ತಿಗೆಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ, ತಮ್ಮಂದಿರಾದ ನಮಗೂ ಹೇಳಿಲ್ಲ. ಸೊಂಟ ನೋವು ಶುರುವಾದಾಗ ಕೊಟ್ಟಂಚುಕ್ಕಾದಿ ಎಣ್ಣೆ ಹಚ್ಚಿದರು. ಅದಕ್ಕೆ ಕಡಿಮೆಯಾಗದಾಗ ಉಳುಕು ತೆಗೆಯುವವರ ಹತ್ತಿರ ಹೋದರು. ಕೊನೆಗೆ ಸುಬುಹಿಗೆ ಎದ್ದು ಸುಜೂದ್‌ಗೆ ಬಾಗಲು ಆಗುವುದಿಲ್ಲ ಎಂದಾದಾಗ ಮಗ ಎಲುಬಿನ ಡಾಕ್ಟರ ಹತ್ತಿರ ಕರಕೊಂಡು ಹೋದ. ಅವರು ಸ್ಕ್ಯಾನ್ ಮಾಡಿಸಿದರು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟದ ಎಲುಬಿಗೂ ಹೋಗಿ ಕೂತಿತ್ತು. ಆ ದಿನದ ಪಿಎಸ್‌ಎ 212.

ಎರಡು ವಾರ ಕಳೆದ ಮೇಲೆ ನಾನು ಮೆಲ್ಲ ಕೇಳಿದೆ, "ಕಾಕ, ಆ ರಿಪೋರ್ಟು ಮೊದಲೇ ತೋರಿಸಬಹುದಿತ್ತಲ್ಲಾ?" ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದರು, "ಆ ಜಾಗದ ವಿಷಯ ಯಾರ ಹತ್ತಿರ ಹೇಳುವುದು ಮಾರಾಯ? ಸಣ್ಣ ಮಗಳ ಸಂಬಂಧ ಬೇರೆ ಮಾತಾಡ್ತಾ ಇತ್ತು. ಕ್ಯಾನ್ಸರ್ ಅಂತ ಒಬ್ಬನ ಬಾಯಿಗೆ ಬಿದ್ದರೆ ಆಯ್ತಲ್ಲ."

ಈ ಬರಹ ಆ ಉತ್ತರದ ಬಗ್ಗೆ. ಕಾಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಒಂದೇ ಮನೆ, ಎರಡು ಪಾಠ

ಕಾಕನ ಚಿಕಿತ್ಸೆ ಶುರು ಮಾಡಿದ ಡಾಕ್ಟರು ನಮ್ಮನ್ನು ಕೂರಿಸಿ ಕೇಳಿದ ಮೊದಲ ಪ್ರಶ್ನೆ, "ಇವರಿಗೆ ತಮ್ಮಂದಿರು ಎಷ್ಟು ಮಂದಿ? ಗಂಡು ಮಕ್ಕಳು ಎಷ್ಟು?" ತಂದೆಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೆ ಮನೆಯ ಉಳಿದ ಗಂಡಸರಿಗೆ ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಎಂದು ಅವರು ವಿವರಿಸಿದರು. ನಾವು ಮೂವರು ತಮ್ಮಂದಿರು ಮುಖ ಮುಖ ನೋಡಿಕೊಂಡೆವು.

ನನಗೆ ಆಗ 56. ಮರುದಿನವೇ ರಕ್ತ ಕೊಟ್ಟೆ. ಸಂಜೆ ಮೊಬೈಲಿಗೆ ವರದಿ ಬಂತು: 5.6. ಪಕ್ಕದಲ್ಲಿ ಅದೇ ನಕ್ಷತ್ರ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿಯ ಲೆಕ್ಕ, ಮನೆ ಸಾಲ, ಮಗಳ ಓದು ಎಲ್ಲ ಮನಸ್ಸಿನಲ್ಲಿ ಹಾದು ಹೋಯಿತು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಲಕ್ಷ್ಮಣ ಫಲದ ಎಲೆಯ ಕಷಾಯ ಕುಡಿಯಲು ಹೇಳಿದರು, ಇನ್ನೊಬ್ಬರು "ಸೂಜಿ ಚುಚ್ಚಲು ಮಾತ್ರ ಬಿಡಬೇಡಿ, ಹರಡಿ ಬಿಡ್ತದೆ" ಎಂದರು.

ನಾಲ್ಕನೆಯ ದಿನ ಮೂತ್ರರೋಗ ತಜ್ಞರ ಮುಂದೆ ಕೂತಾಗ ಅವರು ನನ್ನ ವರದಿ ನೋಡುವ ಮೊದಲು ಪ್ರಶ್ನೆ ಕೇಳಿದರು. ಮೂತ್ರ ಹೋಗುವಾಗ ಉರಿ ಉಂಟಾ? ಜ್ವರ ಬಂದಿತ್ತಾ? ತಲೆಕೂದಲಿಗೆ ಮಾತ್ರೆ ತಿನ್ನುತ್ತೀರಾ? ಸೈಕಲ್ ತುಳಿಯುತ್ತೀರಾ? ರಕ್ತ ಕೊಡುವ ಹಿಂದಿನ ಎರಡು ದಿನದಲ್ಲಿ ಹೆಂಡತಿಯ ಜೊತೆ ಇದ್ದಿರಾ? ಕೊನೆಯ ಪ್ರಶ್ನೆಗೆ ನಾನು ನೆಲ ನೋಡಿದೆ. ಆದರೆ ಎಲ್ಲ ಪ್ರಶ್ನೆಗೂ ಕಾರಣ ಇತ್ತು. ನನಗೆ ಎರಡು ವಾರದಿಂದ ಉರಿ ಇತ್ತು, ಸೆಕೆಗೆ ನೀರು ಕಡಿಮೆ ಕುಡಿದದ್ದು ಎಂದು ಸುಮ್ಮನಿದ್ದೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು. ಮದ್ದು ತೆಗೊಂಡು, ಏಳು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಪುನಃ ರಕ್ತ ಕೊಟ್ಟೆ. 2.1.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ಒಬ್ಬರು ಏರುತ್ತಿದ್ದ ಅಂಕಿಯನ್ನು ಬಚ್ಚಿಟ್ಟು ತಡ ಮಾಡಿಕೊಂಡರು. ಇನ್ನೊಬ್ಬ ಒಂದೇ ಅಂಕಿಯನ್ನು ಕಂಡು ಸತ್ತೇ ಹೋದೆ ಎಂದುಕೊಂಡ. ಪಿಎಸ್‌ಎಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವುದು ಈ ಎರಡೇ ತಪ್ಪು.

ಎಂತ ಇದು ಪಿಎಸ್‌ಎ?

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಹಣ್ಣಡಿಕೆಯಷ್ಟು ಗಾತ್ರದ ಒಂದು ಗ್ರಂಥಿ ಉಂಟು. ಅದೇ ಪ್ರಾಸ್ಟೇಟ್. ವೀರ್ಯದ ದ್ರವದ ಒಂದು ಭಾಗ ತಯಾರಾಗುವುದು ಅಲ್ಲಿ. ಆ ಗ್ರಂಥಿಯ ಕಣಗಳು ಮಾಡುವ ಒಂದು ಪ್ರೋಟೀನಿನ ಹೆಸರು ಪಿಎಸ್‌ಎ. ಅದರಲ್ಲಿ ಸ್ವಲ್ಪ ರಕ್ತಕ್ಕೂ ಸೋರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೋಗ್ರಾಂ ಉಂಟು ಎಂಬುದೇ ವರದಿಯ ಅಂಕಿ.

ಇಲ್ಲಿ ಗಮನಿಸಬೇಕಾದ್ದು, ಪಿಎಸ್‌ಎಯನ್ನು ಮಾಡುವುದು ಪ್ರಾಸ್ಟೇಟ್, ಕ್ಯಾನ್ಸರ್ ಮಾತ್ರ ಅಲ್ಲ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗುತ್ತದೆ, ಆಗ ಪಿಎಸ್‌ಎ ಏರುತ್ತದೆ. ಗ್ರಂಥಿಗೆ ಉರಿಯೂತ ಬಂದರೆ ಏರುತ್ತದೆ. ಮೂತ್ರದ ಸೋಂಕಾದರೆ, ಮೂತ್ರಕ್ಕೆ ಪೈಪ್ ಹಾಕಿದ್ದರೆ ಏರುತ್ತದೆ. ಸೋಂಕು ವಾಸಿಯಾಗಿ ಆರು ವಾರ ಆಗುವವರೆಗೆ ಈ ಪರೀಕ್ಷೆ ಮಾಡಿಸಬಾರದು, ರಕ್ತ ಕೊಡುವ ಹಿಂದಿನ 48 ಗಂಟೆ ದಾಂಪತ್ಯ ಸಂಪರ್ಕವೂ ಜೋರು ವ್ಯಾಯಾಮವೂ ಬೇಡ ಎಂದು ಹೇಳುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಎಷ್ಟು ಲ್ಯಾಬಿನವರು ಇದನ್ನು ಮೊದಲೇ ಹೇಳುತ್ತಾರೆ? ನನಗಂತೂ ಯಾರೂ ಹೇಳಿರಲಿಲ್ಲ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಗ್ರಂಥಿ ದೊಡ್ಡದಾದವರಿಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎಂಬ ಮಾತ್ರೆಗಳನ್ನು ಕೆಲವು ತಿಂಗಳು ತಿಂದರೆ ಪಿಎಸ್‌ಎ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ವರದಿಯಲ್ಲಿ 3 ಎಂದಿದ್ದರೆ ಅಂಥವರಿಗೆ ಅದನ್ನು 6 ಎಂದು ಓದಬೇಕಾಗಬಹುದು. ಕೂದಲು ಉದುರುವುದಕ್ಕೆ ನಮ್ಮ ಯುವಕರು ತಿನ್ನುವ ಮಾತ್ರೆಯಲ್ಲೂ ಕೆಲವೊಮ್ಮೆ ಇದೇ ಫಿನಾಸ್ಟರೈಡ್ ಇರುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.

4ರ ಒಳಗೆ ಇದ್ದರೆ ಕ್ಷೇಮ, 4 ದಾಟಿದರೆ ಕ್ಯಾನ್ಸರ್ ಎಂಬ ನಂಬಿಕೆಯೂ ತಪ್ಪು. 4ರಿಂದ 10ರ ನಡುವೆ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಎಂದರೆ ಮೂವರಿಗೆ ಇರುವುದಿಲ್ಲ. 10 ದಾಟಿದರೆ ಆ ಸಾಧ್ಯತೆ ಅರ್ಧಕ್ಕಿಂತ ಮೇಲೆ ಹೋಗುತ್ತದೆ. ಹಾಗೆಯೇ 4ಕ್ಕಿಂತ ಕೆಳಗೆ ಇದ್ದೂ ಕೆಲವರಲ್ಲಿ ಕ್ಯಾನ್ಸರ್ ಇರುವುದುಂಟು. ಆದ್ದರಿಂದ ಒಂದು ದಿನದ ಅಂಕಿಗಿಂತ ಅದು ವರ್ಷದಿಂದ ವರ್ಷಕ್ಕೆ ಹೇಗೆ ನಡೆಯುತ್ತಿದೆ ಎಂಬುದನ್ನು ಡಾಕ್ಟರು ನೋಡುತ್ತಾರೆ. ಕಾಕನ 4.8, 7.3, 13.1 ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಸಣ್ಣ ಮಗುವಿಗೂ ಗೊತ್ತಾಗುತ್ತಿತ್ತು. ಆದರೆ ಮೂರೂ ಬೇರೆ ಬೇರೆ ಲಕೋಟೆಯಲ್ಲಿ ಮಲಗಿದ್ದವು.

ಇನ್ನೊಂದು ಮಾತು. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರ ತಡೆದು ತಡೆದು ಬರುವುದು, ಧಾರೆ ಸಪೂರ ಆಗುವುದು, ಹೋಗಿ ಬಂದ ಮೇಲೂ ತೊಟ್ಟಿಕ್ಕುವುದು ಇವೆಲ್ಲ ಹೆಚ್ಚಾಗಿ ಗ್ರಂಥಿ ಸಾದಾ ದೊಡ್ಡದಾದದ್ದರ ಲಕ್ಷಣ. ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. "ನನಗೆ ಮೂತ್ರದ ತೊಂದರೆ ಏನೂ ಇಲ್ಲವಲ್ಲ" ಎಂದು ಕಾಕ ಧೈರ್ಯ ತಂದುಕೊಂಡದ್ದು ಅಲ್ಲೇ ತಪ್ಪಿತು. ಎಲುಬು ನೋಯುವಾಗ ಕಾಯಿಲೆ ಮನೆ ದಾಟಿ ಬೀದಿಗೆ ಬಂದಿರುತ್ತದೆ.

ಏರಿದರೆ ಮುಂದೆ ಎಂತ?

ಮೊದಲು ಪುನಃ ಪರೀಕ್ಷೆ. ಕೆಲವು ವಾರ ಬಿಟ್ಟು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಯಾಕೆಂದರೆ ಲ್ಯಾಬಿನಿಂದ ಲ್ಯಾಬಿಗೆ ಅಳತೆಯ ವಿಧಾನದಲ್ಲಿ ವ್ಯತ್ಯಾಸ ಇರುತ್ತದೆ. ಜೊತೆಗೆ ಮೂತ್ರ ಪರೀಕ್ಷೆ. ಆಮೇಲೆ ಡಾಕ್ಟರು ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಗಟ್ಟಿಯಾಗಿದೆಯಾ, ಗಂಟು ಉಂಟಾ ಎಂದು ನೋಡುವ ಪರೀಕ್ಷೆ. ಅರ್ಧ ನಿಮಿಷದ ಕೆಲಸ. ಆದರೆ ನಮ್ಮ ಎಷ್ಟೋ ಗಂಡಸರು ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬರುವುದು ಇದರ ನಾಚಿಕೆಗೇ. ಹೆರಿಗೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಎಷ್ಟು ನಾಚಿಕೆಯನ್ನು ನುಂಗಿದ್ದಾರೆ ಎಂದು ನೆನಪು ಮಾಡಿಕೊಂಡರೆ ನಮ್ಮ ಅರ್ಧ ನಿಮಿಷ ಏನೂ ಅಲ್ಲ.

ಸಂಶಯ ಉಳಿದರೆ ಈಗ ಮೊದಲು ಎಂಆರ್‌ಐ ಮಾಡುತ್ತಾರೆ. ಅದರಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1, 2 ಬಂದರೆ ಸಂಶಯ ಕಡಿಮೆ. 4, 5 ಬಂದರೆ ಬಯಾಪ್ಸಿ ಬೇಕಾಗುತ್ತದೆ. ಸೂಜಿಯಲ್ಲಿ ಗ್ರಂಥಿಯಿಂದ ಸಣ್ಣ ಸಣ್ಣ ಎಳೆ ತೆಗೆಯುವುದೇ ಬಯಾಪ್ಸಿ. ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಬಹುದು. ಕೆಲವರಿಗೆ ಸೋಂಕು ಆಗಬಹುದು, ಅದಕ್ಕೆ ಮದ್ದು ಕೊಡುತ್ತಾರೆ. ಆದರೆ "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಮಾತನ್ನು ನಂಬಿ ಬಯಾಪ್ಸಿಗೆ ಬೆನ್ನು ಹಾಕಬೇಡಿ. ಕಾಯಿಲೆ ಯಾವುದು, ಎಷ್ಟು ಜೋರಿನದ್ದು ಎಂದು ತಿಳಿಯದೆ ಚಿಕಿತ್ಸೆ ಮಾಡುವುದು ಹೇಗೆ?

ಕ್ಯಾನ್ಸರ್ ಇದ್ದರೂ ಎಲ್ಲವೂ ಒಂದೇ ಅಲ್ಲ. ಗ್ಲೀಸನ್ ಎಂಬ ಲೆಕ್ಕದಲ್ಲಿ 6 ಬಂದರೆ ಅದು ಬಹಳ ಮೆಲ್ಲ ನಡೆಯುವ ಜಾತಿ. 8, 9, 10 ಬಂದರೆ ಅವಸರದ್ದು. ಮೆಲ್ಲ ನಡೆಯುವುದಕ್ಕೆ ಕೂಡಲೇ ಆಪರೇಷನ್ ಬೇಕೆಂದಿಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಬೇಕಾದರೆ ಪುನಃ ಬಯಾಪ್ಸಿ ಮಾಡಿ ಕಾವಲು ಕಾಯುವ ಕ್ರಮ ಉಂಟು. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಒಂದಕ್ಕೆ ವಿಕಿರಣ, ಒಂದಕ್ಕೆ ಕಾವಲು ಎಂದು ಇಟ್ಟು 15 ವರ್ಷ ಗಮನಿಸಿದರು. 2023ರಲ್ಲಿ ಫಲಿತಾಂಶ ಬಂತು. ಮೂರು ಗುಂಪಿನಲ್ಲೂ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಸುಮಾರು ಮೂವರು. ಕಾವಲಿನ ಗುಂಪಿನಲ್ಲಿ ಕಾಯಿಲೆ ಹರಡಿದವರು ಹೆಚ್ಚಿದ್ದರು ಎಂಬುದನ್ನೂ ಹೇಳಬೇಕು. ಆದರೆ ಆಪರೇಷನ್ನಿಗೂ ವಿಕಿರಣಕ್ಕೂ ಅವುಗಳದೇ ಬೆಲೆ ಉಂಟು. ಕೆಲವರಿಗೆ ಮೂತ್ರದ ಹಿಡಿತ ತಪ್ಪುತ್ತದೆ, ಕೆಲವರಿಗೆ ದಾಂಪತ್ಯದ ಶಕ್ತಿ ಹೋಗುತ್ತದೆ, ವಿಕಿರಣ ಪಡೆದ ಕೆಲವರಿಗೆ ಮಲಕ್ಕೆ ಹೋಗುವಾಗ ತೊಂದರೆ ಬರುತ್ತದೆ. ಹಾಗಾಗಿ ಕ್ಯಾನ್ಸರ್ ಎಂಬ ಶಬ್ದ ಕೇಳಿದ ಕೂಡಲೇ "ನಾಳೆಯೇ ತೆಗೆದು ಬಿಡಿ ಡಾಕ್ಟ್ರೇ" ಎಂದು ಮನೆಯವರು ಒತ್ತಾಯ ಮಾಡುವುದೂ ಸರಿಯಲ್ಲ. ಯಾವ ಜಾತಿಯದ್ದು, ಎಷ್ಟು ವಯಸ್ಸು, ಬೇರೆ ಕಾಯಿಲೆ ಎಂತದು ಉಂಟು ಎಂದು ನೋಡಿ ತೀರ್ಮಾನ ಮಾಡಬೇಕು.

ಹಾಗಾದರೆ ಎಲ್ಲರೂ ಪರೀಕ್ಷೆ ಮಾಡಿಸಬೇಕಾ?

ಇಲ್ಲಿ ಜಗತ್ತಿನ ತಜ್ಞರಲ್ಲೇ ಜಗಳ ಉಂಟು. ಪಿಎಸ್‌ಎಯನ್ನು 1970ರಲ್ಲಿ ಮೊದಲು ಗುರುತಿಸಿದವರಲ್ಲಿ ಒಬ್ಬರಾದ ಅಮೆರಿಕದ ವಿಜ್ಞಾನಿ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು, ಎಲ್ಲರಿಗೂ ಈ ಪರೀಕ್ಷೆ ಮಾಡುತ್ತಾ ಹೋಗುವುದು ಅನಾಹುತ ಎಂದು ಟೀಕಿಸಿದರು. ಅಮೆರಿಕದ ಸರಕಾರಿ ತಜ್ಞರ ಮಂಡಳಿ 2012ರಲ್ಲಿ ಯಾರಿಗೂ ಈ ತಪಾಸಣೆ ಬೇಡ ಎಂದಿತು. 2018ರಲ್ಲಿ ಮಾತು ಬದಲಿಸಿ, 55ರಿಂದ 69 ವರ್ಷದವರು ಡಾಕ್ಟರ ಜೊತೆ ಲಾಭ ನಷ್ಟ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ತಪಾಸಣೆ ಬೇಡ ಎಂದಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಎಲುಬಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಪ್ರಕಟವಾಯಿತು. ಗ್ಲೀಸನ್ 9. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆದದ್ದು ಎಂದು ಅವರ ಕಚೇರಿ ಹೇಳಿತು. ಆಗ ಪುನಃ ಚರ್ಚೆ ಎದ್ದಿತು.

ನನ್ನ ಅಭಿಪ್ರಾಯ ಇಷ್ಟು. ಪಿಎಸ್‌ಎ ಬೇಡವೇ ಬೇಡ ಎನ್ನುವುದೂ ಕುರುಡು, ಸಿಕ್ಕಿದವರಿಗೆಲ್ಲ ಸೂಜಿ ಚುಚ್ಚುವುದೂ ಕುರುಡು. 50 ದಾಟಿದ ಗಂಡಸು ತನ್ನ ಡಾಕ್ಟರ ಹತ್ತಿರ ಒಮ್ಮೆ ಈ ವಿಷಯ ಎತ್ತಬೇಕು. ತಂದೆಗೋ ಅಣ್ಣ ತಮ್ಮನಿಗೋ ಕಾಯಿಲೆ ಇದ್ದರೆ 45ಕ್ಕೇ, ಕೆಲವೊಮ್ಮೆ ಇನ್ನೂ ಮೊದಲೇ ಎತ್ತಬೇಕು. ಮನೆಯ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಬೇಕು, ಒಂದೇ ಜಾತಿಯ ವಂಶವಾಹಿ ಎರಡಕ್ಕೂ ಕಾರಣ ಆಗುವುದುಂಟು. 80 ದಾಟಿದ, ಹೃದಯವೂ ಮೂತ್ರಪಿಂಡವೂ ಸೋತ, ಯಾವ ತೊಂದರೆಯೂ ಹೇಳದ ಅಜ್ಜನ ಪಿಎಸ್‌ಎ ತೆಗೆದು ಅವರ ಉಳಿದ ದಿನಗಳ ನಿದ್ದೆ ಕೆಡಿಸುವುದರಿಂದ ಲಾಭ ಇಲ್ಲ.

ಇದನ್ನು ಹೇಳುವಾಗ ನಮ್ಮ ಸಂಘ ಸಂಸ್ಥೆಗಳ ಶಿಬಿರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಆರೋಗ್ಯ ಶಿಬಿರ, ರಕ್ತದಾನ ಎಂದರೆ ನಮ್ಮ ಹುಡುಗರು ಯಾವತ್ತೂ ಮುಂದೆ, ಅದು ಹೆಮ್ಮೆಯ ವಿಷಯ. ಕಾಕನ ಮೊದಲ 4.8 ಗೊತ್ತಾದದ್ದೂ ಮದ್ರಸದ ಹಾಲ್‌ನಲ್ಲಿ ನಡೆದ ಅಂಥದ್ದೇ ಒಂದು ಶಿಬಿರದಲ್ಲಿ. ಬ್ಯಾನರ್ ಕಟ್ಟಿದರು, ಉದ್ಘಾಟನೆ ಆಯಿತು, ಫೋಟೋ ಪತ್ರಿಕೆಗೆ ಬಂತು, ನೂರಾರು ಮಂದಿಯ ರಕ್ತ ತೆಗೆದರು. ವಾರ ಬಿಟ್ಟು ಲಕೋಟೆ ಕೈಗೆ ಕೊಟ್ಟರು. ಅಲ್ಲಿಗೆ ಮುಗಿಯಿತು. ನಕ್ಷತ್ರ ಬಿದ್ದವರಿಗೆ ಒಂದು ಫೋನ್ ಮಾಡುವ ಜನ ಇರಲಿಲ್ಲ.

ಶಿಬಿರ ಮಾಡುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪಿಎಸ್‌ಎ ಪರೀಕ್ಷೆ ಇಟ್ಟುಕೊಳ್ಳುವುದಾದರೆ ರಕ್ತ ತೆಗೆಯುವ ಮೊದಲು ಐದು ನಿಮಿಷ ಇದು ಎಂತ ಎಂದು ವಿವರಿಸಿ. ಉರಿಮೂತ್ರ ಇದ್ದವರನ್ನು ಆ ದಿನ ಬಿಟ್ಟು ಬಿಡಿ. ವರದಿ ಬಂದ ಮೇಲೆ ಏರಿದವರ ಪಟ್ಟಿ ಮಾಡಿ, ಗುಟ್ಟು ಕಾಪಾಡಿ, ಒಬ್ಬ ಜವಾಬ್ದಾರಿಯ ಮನುಷ್ಯ ಅವರಿಗೆ ಫೋನ್ ಮಾಡಲಿ. ಒಂದು ತಿಂಗಳು ಬಿಟ್ಟು ಪುನಃ ಮಾಡಲಿ. ಮೂತ್ರರೋಗ ತಜ್ಞರೊಬ್ಬರು ಅಂಥವರನ್ನು ನೋಡುವಂತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಇಷ್ಟು ಮಾಡಲು ಆಗದಿದ್ದರೆ ಪಿಎಸ್‌ಎ ಬಿಟ್ಟು ಬಿಪಿ, ಸಕ್ಕರೆ ಮಾತ್ರ ನೋಡಿ. ಅರ್ಧ ಮಾಡಿದ ಪರೀಕ್ಷೆ ಮಾಡದ ಪರೀಕ್ಷೆಗಿಂತ ಒಳ್ಳೆಯದಲ್ಲ.

ಬಚ್ಚಿಡುವುದು ಯಾರಿಗೆ ನಷ್ಟ?

ಕಾಕನ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತು ವರ್ಷ ಗಲ್ಫ್‌ನ ಬಿಸಿಲಲ್ಲಿ ದುಡಿದವರು. ಮೂತ್ರ ಬಂದರೂ ಕೆಲಸ ಬಿಟ್ಟು ಹೋಗಲಾಗದೆ ತಡೆದು ನಿಂತವರು. ತನ್ನ ನೋವು ಊರಿಗೆ ಫೋನಿನಲ್ಲಿ ಹೇಳದೆ "ಎಲ್ಲ ಸುಖ" ಎಂದೇ ಅಭ್ಯಾಸ ಆದವರು. ಊರಿಗೆ ಬಂದ ಮೇಲೂ ಅದೇ ಅಭ್ಯಾಸ. ನಮ್ಮಲ್ಲಿ ಇಂಥ ಗಂಡಸರು ಎಷ್ಟು ಮನೆಯಲ್ಲಿಲ್ಲ?

ಆದರೆ ಅವರು ಬಚ್ಚಿಟ್ಟದ್ದು ತನ್ನ ಕಾಯಿಲೆಯನ್ನು ಮಾತ್ರ ಅಲ್ಲ. ನನ್ನ ಅಪಾಯವನ್ನೂ, ಉಳಿದಿಬ್ಬರು ತಮ್ಮಂದಿರ ಅಪಾಯವನ್ನೂ, ಅವರ ಮಕ್ಕಳ ಅಪಾಯವನ್ನೂ ಆ ಕವರಿನಲ್ಲೇ ಕಟ್ಟಿಟ್ಟರು. ಜಾಗದ ಪಾಲು ಮಾಡುವಾಗ ಒಂದು ಸೆಂಟ್ಸ್ ಕೂಡ ಮುಚ್ಚಿಡಬಾರದು ಎನ್ನುವ ನಾವು ರಕ್ತದಲ್ಲಿ ಬರುವ ಪಾಲನ್ನು ಮಾತ್ರ ಮುಚ್ಚಿಡುತ್ತೇವೆ. ಉಪ್ಪನಿಗೆ ಯಾವ ಕಾಯಿಲೆ ಇತ್ತು ಎಂದು ಡಾಕ್ಟರು ಕೇಳಿದಾಗ "ಪ್ರಾಯ ಆಗಿತ್ತು, ತೀರಿಕೊಂಡರು" ಎಂಬುದಕ್ಕಿಂತ ಹೆಚ್ಚು ಹೇಳಲು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಉಪ್ಪನೂ ಕೊನೆಯ ವರ್ಷ ಸೊಂಟ ನೋವಿನಲ್ಲೇ ಮಲಗಿದ್ದರು. ಅದು ಎಂತದ್ದು ಎಂದು ಈಗ ಕೇಳಲು ಯಾರೂ ಇಲ್ಲ.

ಮಗಳ ಸಂಬಂಧ ತಪ್ಪಿ ಹೋಗುತ್ತದೆ ಎಂಬ ಹೆದರಿಕೆಗೆ ಉತ್ತರ ಕೊಡಬೇಕಾದವರು ಸಂಬಂಧ ನೋಡಲು ಹೋಗುವ ನಾವು. ಹುಡುಗಿಯ ತಂದೆಗೆ ಕ್ಯಾನ್ಸರ್ ಎಂದು ಕೇಳಿ ಹಿಂದೆ ಸರಿಯುವ ಮನೆಯವರು ನಮ್ಮ ನಿಮ್ಮ ನಡುವೆಯೇ ಇದ್ದಾರಲ್ಲ? ಅವರು ಇರುವವರೆಗೆ ಲಕೋಟೆಗಳು ಕಪಾಟು ಸೇರುತ್ತಲೇ ಇರುತ್ತವೆ.

ಮನೆಯ ಹೆಂಗಸರಲ್ಲೂ ಒಂದು ವಿನಂತಿ. ರಾತ್ರಿ ಅವರು ಎಷ್ಟು ಸಲ ಎದ್ದು ಹೋಗುತ್ತಾರೆ, ಬಾತ್‌ರೂಮಿನಲ್ಲಿ ಎಷ್ಟು ಹೊತ್ತು ಇರುತ್ತಾರೆ, ಜುಮಾಕ್ಕೆ ಹೋಗುವವರು ಯಾಕೆ ಮನೆಯಲ್ಲೇ ಉಳಿಯುತ್ತಿದ್ದಾರೆ ಎಂದು ಮೊದಲು ಗೊತ್ತಾಗುವುದು ನಿಮಗೆ. ತೊಟ್ಟಿಕ್ಕಿ ವುಝೂ ಮುರಿಯುತ್ತದೆ ಎಂಬ ಸಂಕಟಕ್ಕೆ ಮಸೀದಿಗೆ ಹೋಗುವುದನ್ನೇ ಬಿಟ್ಟ ಹಿರಿಯರನ್ನು ನಾನು ಬಲ್ಲೆ. ಆಪರೇಷನ್ ಮಾಡಿಸಿದರೆ ಮೂತ್ರ ನಿಲ್ಲುವುದಿಲ್ಲ, ನಮಾಝ್ ಹೋಗುತ್ತದೆ ಎಂದು ಚಿಕಿತ್ಸೆಯನ್ನೇ ಬೇಡ ಎಂದವರೂ ಇದ್ದಾರೆ. ಮೂತ್ರ ಹಿಡಿತಕ್ಕೆ ಸಿಗದ ರೋಗಿಗೆ ರಿಯಾಯಿತಿ ಉಂಟು. ವಕ್ತ್ ಆದ ಮೇಲೆ ಶುಚಿ ಮಾಡಿ, ಪ್ಯಾಡ್ ಕಟ್ಟಿ, ವುಝೂ ಮಾಡಿ ನಮಾಝ್ ಮಾಡುವ ಕ್ರಮವನ್ನು ಉಸ್ತಾದರ ಹತ್ತಿರ ಕೇಳಿದರೆ ಹೇಳಿಕೊಡುತ್ತಾರೆ. ಉಸ್ತಾದರೂ ಇದನ್ನು ಒಮ್ಮೆ ಬಾಯಿ ಬಿಟ್ಟು ಹೇಳಿದರೆ ಎಷ್ಟೋ ಹಿರಿಯರ ಎದೆಯ ಭಾರ ಇಳಿದೀತು. ಕರಿಜೀರಿಗೆ, ಜೇನು ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯ ಬದಲಿಗೆ ಅದನ್ನು ತಿನ್ನಬೇಡಿ ಎಂದಷ್ಟೇ ಹೇಳುವುದು.

ದುಡ್ಡಿನ ಮಾತು. ಪಿಎಸ್‌ಎ ಪರೀಕ್ಷೆಗೆ ಕೆಲವು ನೂರು ರೂಪಾಯಿ ಸಾಕು. ಎಂಆರ್‌ಐ, ಬಯಾಪ್ಸಿ, ಚಿಕಿತ್ಸೆಗೆ ಹೋದಂತೆ ಖರ್ಚು ಏರುತ್ತದೆ, ಗಲ್ಫ್ ಬಿಟ್ಟು ಬಂದವರಿಗೆ ಅಲ್ಲಿಯ ವಿಮೆಯೂ ಇರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಂತೆ 1.5 ಲಕ್ಷದವರೆಗೆ ಸಹಾಯ ಉಂಟು. ದೊಡ್ಡ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನಮ್ಮ ಕಡೆಯವರು ಮೊದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಬೆಂಗಳೂರಿನ ಕಿದ್ವಾಯಿಯೂ ಉಂಟು. ಹರಡಿದ ಕ್ಯಾನ್ಸರಿಗೆ ಮೂರು ತಿಂಗಳಿಗೊಮ್ಮೆ ಹಾಕುವ ಹಾರ್ಮೋನ್ ಇಂಜೆಕ್ಷನ್ ದುಬಾರಿಯಾದರೆ, ವೃಷಣವನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯಿಂದಲೂ ಅದೇ ಪರಿಣಾಮ ಸಿಗುತ್ತದೆ. ಇದನ್ನು ಕೇಳಲು ಕಷ್ಟ, ಆದರೆ ಬಡ ಮನೆಯವರಿಗೆ ತಿಳಿದಿರಬೇಕಾದ ದಾರಿ.

ಕಾಕ ಈಗ ಇಂಜೆಕ್ಷನ್‌ನಲ್ಲಿದ್ದಾರೆ, ಜೊತೆಗೆ ದಿನಾ ಮಾತ್ರೆ. ಪೂರ್ತಿ ಗುಣವಾಗುವ ಹಂತ ದಾಟಿದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ, ಕಾಕನ ಎದುರಿಗೇ ಹೇಳಿದ್ದಾರೆ. ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು. ಮೈ ಬಿಸಿಯಾಗಿ ಬೆವರುತ್ತದೆ, ಸುಸ್ತು ಉಂಟು, ಎಲುಬು ಸವೆಯದಂತೆ ಮದ್ದು ಬೇರೆ. ಆದರೆ 212 ಇದ್ದ ಪಿಎಸ್‌ಎ ಈಗ 1ಕ್ಕಿಂತ ಕೆಳಗೆ ಉಂಟು. ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಾರೆ. ಸಣ್ಣ ಮಗಳ ಮದುವೆಯೂ ಆಯಿತು. ಹುಡುಗನ ಮನೆಯವರಿಗೆ ಕಾಕನೇ ಎಲ್ಲ ಹೇಳಿದರು. ಅವರು ಎದ್ದು ಹೋಗಲಿಲ್ಲ.

ಮದುವೆಯ ಮರುದಿನ ಮನೆಯಲ್ಲಿ ನಾವೆಲ್ಲ ಕೂತಿದ್ದಾಗ ಅವರು ಗಂಡು ಮಕ್ಕಳನ್ನೂ, ತಮ್ಮಂದಿರ ಗಂಡು ಮಕ್ಕಳನ್ನೂ ಹತ್ತಿರ ಕರೆದರು. ಆ ಪ್ಲಾಸ್ಟಿಕ್ ಕವರನ್ನು ತೆಗೆದು ಮೇಜಿನ ಮೇಲೆ ಇಟ್ಟರು. "ಇದು ಇನ್ನು ಕಪಾಟಿನಲ್ಲಿ ಇರುವುದು ಬೇಡ. ಎಲ್ಲರೂ ಫೋಟೋ ತೆಗೆದಿಟ್ಟುಕೊಳ್ಳಿ. ನಲವತ್ತೈದು ಆದಾಗ ಡಾಕ್ಟರ ಹತ್ತಿರ ಹೋಗಿ ನನ್ನ ಹೆಸರು ಹೇಳಿ" ಎಂದರು.